ಎದೆಯುರಿಗೆ ಅಯಸ್ಕಾಂತದ ಉಂಗುರ: ಪರೀಕ್ಷೆಯಿಂದ ಎಂಟನೇ ವಾರದ ಊಟದವರೆಗೆ

ಆಪರೇಷನ್ ಆದ ಮೂರನೇ ದಿನ ಅಮ್ಮ ಹಾಸನದಿಂದ ಫೋನ್ ಮಾಡಿದವಳೇ, "ಗಂಜಿ ಕುಡಿದ್ಯೇನೇ?" ಅಂದಳು. ನಾನು ಆಗ ಇಡ್ಲಿಯ ಒಂದು ಚೂರನ್ನು ನಿಧಾನವಾಗಿ ಅಗಿಯುತ್ತಿದ್ದೆ. ಇಡ್ಲಿ ಅಂದ ತಕ್ಷಣ ಅವಳಿಗೆ ಗಾಬರಿ. "ಹೊಟ್ಟೆ ಕೊಯ್ಸಿಕೊಂಡವರು ಯಾರಾದ್ರೂ ಇಷ್ಟು ಬೇಗ ಗಟ್ಟಿ ತಿಂತಾರಾ?"

ನಾವೆಲ್ಲ ಬೆಳೆದಿದ್ದೇ ಹಾಗೆ. ಕಾಯಿಲೆ ಅಂದರೆ ಗಂಜಿ, ಆಮೇಲೆ ತಿಳಿಸಾರು ಅನ್ನ, ಆಮೇಲೆ ಮಿಕ್ಕಿದ್ದು. ಆದರೆ ಎದೆಯುರಿ ತಡೆಯಲು ಅನ್ನನಾಳದ ಬುಡಕ್ಕೆ ಅಯಸ್ಕಾಂತದ ಉಂಗುರ ತೊಡಿಸುವ ಈ ಒಂದು ಆಪರೇಷನ್ನಿಗೆ ಆ ಪಥ್ಯ ತಲೆಕೆಳಗು. ಇಲ್ಲಿ ಗಟ್ಟಿ ತುತ್ತು ನುಂಗುವುದೇ ಚಿಕಿತ್ಸೆಯ ಅರ್ಧ. ಆಪರೇಷನ್ ಟೇಬಲ್ ಮೇಲೆ ಇರುವುದು ಒಂದು ಗಂಟೆ. ನಿಜವಾದ ಕೆಲಸ ಮುಂದಿನ ಎಂಟು ವಾರ, ನಮ್ಮ ಊಟದ ತಟ್ಟೆಯ ಮುಂದೆ. ಇದನ್ನು ನನಗೆ ಯಾರಾದರೂ ಕನ್ನಡದಲ್ಲಿ, ನಮ್ಮ ಅಡುಗೆಯ ಲೆಕ್ಕದಲ್ಲಿ ಮೊದಲೇ ಹೇಳಿದ್ದರೆ ಎಷ್ಟೋ ಭಯ ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಚಿಕಿತ್ಸೆ ಆದದ್ದೂ ಈ ದೇಶದಲ್ಲೇ. ನಾನು ವೈದ್ಯೆಯಲ್ಲ. ನಿಮ್ಮ ಸರ್ಜನ್ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಹಿಡಿಯಿರಿ.

ಉಂಗುರ ಮಾಡುವ ಕೆಲಸ

ಅನ್ನನಾಳ ಜಠರಕ್ಕೆ ಸೇರುವ ಕಡೆ ಬಳೆಯಂಥ ಒಂದು ಸ್ನಾಯು ಇದೆ. ತುತ್ತು ಬಂದಾಗ ತೆರೆದು, ಹೋದ ಮೇಲೆ ಮುಚ್ಚಿಕೊಳ್ಳುವುದು ಅದರ ಕೆಲಸ. ಅದು ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ಉಕ್ಕುತ್ತದೆ. ನಾವು ಅದನ್ನೆಲ್ಲ ಒಟ್ಟಾಗಿ 'ಗ್ಯಾಸ್ಟ್ರಿಕ್' ಎಂದು ಕರೆದು, ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಪ್ಯಾಂಟೊಪ್ರಜೋಲ್ ನುಂಗಿ ದಿನ ದೂಡುತ್ತೇವೆ. ಮಾತ್ರೆ ಆಮ್ಲವನ್ನು ಕಡಿಮೆ ಮಾಡುತ್ತದೆ, ಬಾಗಿಲನ್ನು ರಿಪೇರಿ ಮಾಡುವುದಿಲ್ಲ. ಉರಿ ಕಡಿಮೆಯಾದರೂ ಬಗ್ಗಿದಾಗ, ಮಲಗಿದಾಗ ತಿಂದದ್ದು ಗಂಟಲಿಗೆ ಬರುವುದು ಅದಕ್ಕೇ ನಿಲ್ಲುವುದಿಲ್ಲ.

ಈ ಉಂಗುರದ ಹೆಸರು ಲಿಂಕ್ಸ್, ನೋಡಲು ಒಂದು ಪುಟ್ಟ ಮಣಿಸರ. ಟೈಟೇನಿಯಂ ಮಣಿಗಳು, ಪ್ರತಿ ಮಣಿಯ ಒಳಗೊಂದು ಅಯಸ್ಕಾಂತ, ಮಣಿಗಳ ನಡುವೆ ಟೈಟೇನಿಯಂ ತಂತಿ. ಇದನ್ನು ಆ ಸಡಿಲ ಸ್ನಾಯುವಿನ ಸುತ್ತ ಹೊರಗಡೆಯಿಂದ ತೊಡಿಸುತ್ತಾರೆ. ಸುಮ್ಮನಿರುವಾಗ ಮಣಿಗಳು ಒಂದನ್ನೊಂದು ಸೆಳೆದುಕೊಂಡು ಸ್ನಾಯು ಮುಚ್ಚಿರಲು ನೆರವಾಗುತ್ತವೆ. ನುಂಗಿದಾಗ ತುತ್ತಿನ ಒತ್ತಡಕ್ಕೆ ಮಣಿಗಳು ಸರಿದು ದಾರಿ ಬಿಡುತ್ತವೆ, ತುತ್ತು ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ತೇಗು ಬರುತ್ತದೆ, ಬೇಕಾದಾಗ ವಾಂತಿಯೂ ಆಗುತ್ತದೆ. ಮಣಿಗಳು ಒಂದಕ್ಕೊಂದು ತಾಗಿ ನಿಲ್ಲುವುದರಿಂದ, ಅಳತೆ ಸರಿಯಿದ್ದರೆ ಉಂಗುರ ಅನ್ನನಾಳವನ್ನು ಹಿಸುಕುವುದಿಲ್ಲ.

ಅನ್ನನಾಳಕ್ಕೆ ಹೊರಗಿನಿಂದ ಉಂಗುರ ತೊಡಿಸುವ ಯೋಚನೆ ಇದೇ ಮೊದಲಲ್ಲ. 1979ರಲ್ಲಿ ಆಂಜೆಲ್‌ಚಿಕ್ ಎಂಬ ಸಿಲಿಕೋನ್ ಪಟ್ಟಿ ಬಂತು. ಅದು ಜಾಗ ಬಿಟ್ಟು ಜಾರಿತು, ಕೆಲವರಲ್ಲಿ ಒಳಗೆ ಕೊರೆಯಿತು, ನುಂಗುವುದನ್ನೇ ಕಷ್ಟ ಮಾಡಿತು, ಕೊನೆಗೆ ಮೂಲೆ ಸೇರಿತು. ಹೊಸ ಸಾಧನವನ್ನು ಹಳೆಯ ಸರ್ಜನ್‌ಗಳು ಅನುಮಾನದಿಂದ ನೋಡಿದ್ದಕ್ಕೆ ಈ ನೆನಪೇ ಕಾರಣ, ಆ ಅನುಮಾನ ನ್ಯಾಯವಾದದ್ದೇ. ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಲಿಂಕ್ಸ್‌ಗೆ ಒಪ್ಪಿಗೆ ಕೊಟ್ಟಿದ್ದು 2012ರ ಮಾರ್ಚ್‌ನಲ್ಲಿ. ಅದಕ್ಕೆ ಆಧಾರವಾದ 100 ಜನರ ಅಧ್ಯಯನ ಮರುವರ್ಷ ಪ್ರಕಟವಾಯಿತು. ಅದರ ಅಂಕಿಗಳನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ನೀವು ಅವನ್ನು ತಿಳಿದಿರಲೇಬೇಕು.

ಮೊದಲ ಹೆಜ್ಜೆ: ನಿಜಕ್ಕೂ ಆಮ್ಲವೇ?

ಎದೆ ಉರಿಯುವುದೆಲ್ಲ ಆಮ್ಲವಲ್ಲ. ಹೃದಯದ ನೋವೂ ಎಷ್ಟೋ ಸಲ 'ಗ್ಯಾಸ್ಟ್ರಿಕ್' ಎಂಬ ವೇಷದಲ್ಲಿ ಬರುತ್ತದೆ. ಬೆವರು, ಉಸಿರುಗಟ್ಟುವುದು, ತೋಳು ಅಥವಾ ದವಡೆಗೆ ಹಬ್ಬುವ ನೋವು ಇದ್ದರೆ ಈ ಬರಹ ಬದಿಗಿಟ್ಟು ತುರ್ತು ಚಿಕಿತ್ಸೆಗೆ ಹೋಗಿ.

ಸರಿಯಾದ ಸರ್ಜನ್ ನಾಲ್ಕು ಪರೀಕ್ಷೆ ಮಾಡಿಸದೆ ದಿನ ಗೊತ್ತು ಮಾಡುವುದಿಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಹುಣ್ಣು, ಬ್ಯಾರೆಟ್ ಎಂಬ ಒಳಪದರದ ಬದಲಾವಣೆ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯುವಾದ ವಪೆಯ ಕಿಂಡಿಯಿಂದ ಜಠರ ಮೇಲೆ ಸರಿದಿರುವ ಹಯಾಟಲ್ ಹರ್ನಿಯಾ ಇವೆಯೇ ಎಂದು ನೋಡುತ್ತಾರೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವುದು ಸುಲಭದ್ದು, ಸೀಮೆಸುಣ್ಣದ ನೀರು ಕುಡಿದಂತಿರುತ್ತದೆ ಅಷ್ಟೆ.

ಅನ್ನನಾಳಕ್ಕೆ ಎಷ್ಟು ಆಮ್ಲ ಬರುತ್ತದೆ ಎಂದು ಅಳೆಯುವ ಪಿಎಚ್ ಪರೀಕ್ಷೆಯೇ ನಿರ್ಣಾಯಕ. ಎರಡು ಬಗೆ ಇದೆ: ಮೂಗಿನಿಂದ ಸಣ್ಣ ನಳಿಕೆ ಇಳಿಸಿ 24 ಗಂಟೆ ಅಳೆಯುವುದು ಒಂದು, ಎಂಡೋಸ್ಕೋಪಿ ವೇಳೆಯಲ್ಲೇ ಅನ್ನನಾಳದ ಗೋಡೆಗೆ ಒಂದು ಕ್ಯಾಪ್ಸೂಲ್ ಅಂಟಿಸಿ 48ರಿಂದ 96 ಗಂಟೆ ಅಳೆಯುವುದು ಇನ್ನೊಂದು. ಕ್ಯಾಪ್ಸೂಲ್ ಕೆಲವು ದಿನಗಳಲ್ಲಿ ತಾನೇ ಕಳಚಿ ಮಲದಲ್ಲಿ ಹೋಗುತ್ತದೆ. ಅದಾದ 30 ದಿನ ಎಂಆರ್‌ಐ ಮಾಡಿಸುವಂತಿಲ್ಲ. ಸಾಮಾನ್ಯವಾಗಿ ಒಂದು ವಾರ ಮೊದಲೇ ಆಮ್ಲದ ಮಾತ್ರೆ ನಿಲ್ಲಿಸಲು ಹೇಳುತ್ತಾರೆ, ಆ ವಾರ ಕಷ್ಟದ್ದು. ನಾನು ಮೂರು ರಾತ್ರಿ ಸೋಫಾದಲ್ಲಿ ಕೂತೇ ನಿದ್ದೆ ಮಾಡಿದೆ. ಹಾಗಂತ ಪರೀಕ್ಷೆಯ ದಿನಗಳಲ್ಲಿ ಪಥ್ಯ ಮಾಡಬೇಡಿ. ಎಂದಿನ ಸಾರು, ಕಾಫಿ, ಒಗ್ಗರಣೆ ಎಲ್ಲ ಇರಲಿ. ದಿನದ ಶೇ. 6ಕ್ಕಿಂತ ಹೆಚ್ಚು ಹೊತ್ತು ಅನ್ನನಾಳದಲ್ಲಿ ಆಮ್ಲವಿದ್ದರೆ ಕಾಯಿಲೆ ಖಚಿತ ಎಂಬುದು ಈಗ ತಜ್ಞರು ಒಪ್ಪಿರುವ ಗೆರೆ.

ಮ್ಯಾನೊಮೆಟ್ರಿ ಯಾರಿಗೂ ಇಷ್ಟವಾಗುವುದಿಲ್ಲ. ಎಚ್ಚರದಲ್ಲೇ ಮೂಗಿನಿಂದ ನಳಿಕೆ ಹಾಕಿ, ಗುಟುಕು ಗುಟುಕಾಗಿ ನೀರು ನುಂಗಿಸಿ, ಅನ್ನನಾಳ ಎಷ್ಟು ಬಲವಾಗಿ ತಳ್ಳುತ್ತದೆ ಎಂದು ಅಳೆಯುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ಆದರೆ ಇದನ್ನು ಬಿಟ್ಟುಬಿಡಿ ಎಂದು ಕೇಳಬೇಡಿ. ಉಂಗುರದ ಬಾಗಿಲನ್ನು ತಳ್ಳಿ ತೆರೆಯಬೇಕಾದದ್ದು ನಿಮ್ಮ ಅನ್ನನಾಳವೇ. ಅದಕ್ಕೆ ಬಲವಿಲ್ಲದಿದ್ದರೆ ಪ್ರತಿ ತುತ್ತೂ ಸಿಕ್ಕಿಹಾಕಿಕೊಳ್ಳುತ್ತದೆ.

ಯಾರಿಗೆ ಬೇಡ

ಅನ್ನನಾಳದ ಚಲನೆ ದುರ್ಬಲವಾಗಿರುವವರಿಗೆ ಬೇಡ. ಟೈಟೇನಿಯಂ, ಸ್ಟೇನ್‌ಲೆಸ್ ಸ್ಟೀಲ್, ನಿಕಲ್ ಅಥವಾ ಕಬ್ಬಿಣಾಂಶದ ಲೋಹಗಳ ಅಲರ್ಜಿ ಇದ್ದವರಿಗೂ ಬೇಡ. ಈ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು 'ಇಲ್ಲ' ಎಂದುಬಿಡುತ್ತೇವೆ. ಕೊಂಚ ನೆನಪು ಮಾಡಿಕೊಳ್ಳಿ: ಚಿನ್ನವಲ್ಲದ ಓಲೆ ಹಾಕಿದರೆ ಕಿವಿ ಕೆರೆದು ನೀರು ಸೋರುತ್ತದೆಯೇ? ವಾಚಿನ ಪಟ್ಟಿ, ಜೀನ್ಸ್ ಗುಂಡಿ ತಾಗಿದ ಕಡೆ ತುರಿಕೆಯೇ? ಅದು ನಿಕಲ್ ಅಲರ್ಜಿ ಇರಬಹುದು. ಹೇಳಿ, ಚರ್ಮದ ಪರೀಕ್ಷೆ ಮಾಡಿಸುತ್ತಾರೆ.

ಮೂರನೆಯದು ಎಂಆರ್‌ಐ. ಈಗಿನ ಉಂಗುರ ಇರುವವರಿಗೆ 1.5 ಟೆಸ್ಲಾ ಯಂತ್ರದವರೆಗೆ (ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ), ನಿಗದಿತ ಷರತ್ತುಗಳಲ್ಲಿ ಮಾತ್ರ ಸ್ಕ್ಯಾನ್ ಮಾಡಬಹುದು. 3 ಟೆಸ್ಲಾ ಆಗುವುದಿಲ್ಲ. ಮೊದಲ ಕಾಲದ ಉಂಗುರಗಳ ಮಿತಿ ಇನ್ನೂ ಕಡಿಮೆ, 0.7 ಟೆಸ್ಲಾ. ಪದೇ ಪದೇ ಎಂಆರ್‌ಐ ಬೇಕಾಗುವ ಕಾಯಿಲೆ ಇದ್ದವರು ಇದನ್ನು ಮೊದಲೇ ತೂಗಿ ನೋಡಬೇಕು.

ಹಾಗಾದರೆ ಬೇರೆ ದಾರಿ? ಫಂಡೊಪ್ಲಿಕೇಶನ್ ಇದೆ. ಜಠರದ ಮೇಲ್ಭಾಗವನ್ನೇ ಅನ್ನನಾಳದ ಸುತ್ತ ಪೂರ್ತಿಯಾಗಿಯೋ ಭಾಗಶಃವಾಗಿಯೋ ಸುತ್ತಿ ಹೊಲಿಯುವುದು. 1950ರ ದಶಕದಿಂದ ಬಳಕೆಯಲ್ಲಿದೆ, ಹೊರಗಿನ ವಸ್ತು ಏನೂ ಒಳಗೆ ಉಳಿಯುವುದಿಲ್ಲ. ಪೂರ್ತಿ ಸುತ್ತಿದವರಲ್ಲಿ ಕೆಲವರಿಗೆ ತೇಗು ಬರುವುದೇ ಕಷ್ಟವಾಗಿ ಹೊಟ್ಟೆ ಉಬ್ಬರಿಸುತ್ತದೆ. ಅದನ್ನು ಹಳೆಯ ಪದ್ಧತಿ ಎಂದು ತಳ್ಳಿಹಾಕಬೇಡಿ. ಒಳ್ಳೆಯ ಕೈಯಲ್ಲಿ ಅದು ಒಳ್ಳೆಯ ಆಪರೇಷನ್, ಮೇಲೆ ಹೇಳಿದ ಮೂರೂ ಗುಂಪಿನವರು ಕೇಳಬೇಕಾದ್ದು ಅದರ ಬಗ್ಗೆ.

ಸರ್ಜನ್ ಮುಂದೆ ಕೂತಾಗ

ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಾಚಿಕೆ ಬೇಡ. ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ, ಎಷ್ಟು ಜನರ ಉಂಗುರ ತೆಗೆಯಬೇಕಾಯಿತು, ಎಷ್ಟು ಜನರಿಗೆ ಅನ್ನನಾಳ ಹಿಗ್ಗಿಸಬೇಕಾಯಿತು? ಹರ್ನಿಯಾ ಇದ್ದರೆ ಅದನ್ನೂ ಅದೇ ಹೊತ್ತಿಗೆ ಹೊಲಿಯುತ್ತೀರಾ? ರಾತ್ರಿ ತೊಂದರೆಯಾದರೆ ಫೋನ್ ಎತ್ತುವವರು ಯಾರು? ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವ ಸರ್ಜನ್ ಆದರೆ ಇನ್ನೊಬ್ಬರನ್ನು ನೋಡಿ.

ಈಗ ಆ ಅಂಕಿಗಳು. 100 ಜನರ ಆ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ 64 ಜನರಲ್ಲಿ ಆಮ್ಲದ ಅಳತೆ ಸಹಜಕ್ಕೆ ಬಂದಿತ್ತು ಅಥವಾ ಕನಿಷ್ಠ ಅರ್ಧಕ್ಕೆ ಇಳಿದಿತ್ತು. 93 ಜನ ಮಾತ್ರೆಯನ್ನು ಅರ್ಧವೋ ಅದಕ್ಕಿಂತ ಹೆಚ್ಚೋ ಕಡಿಮೆ ಮಾಡಿದ್ದರು. ಇನ್ನೊಂದು ಬದಿಯೂ ಇದೆ. ಆಪರೇಷನ್ ಆದ ಮೇಲೆ 68 ಜನರಿಗೆ ನುಂಗಲು ತೊಂದರೆಯಾಯಿತು. ಒಂದು ವರ್ಷಕ್ಕೆ ಅದು ಶೇ. 11ಕ್ಕೆ, ಮೂರು ವರ್ಷಕ್ಕೆ ಶೇ. 4ಕ್ಕೆ ಇಳಿಯಿತು. ಆರು ಜನರ ಉಂಗುರ ತೆಗೆಯಬೇಕಾಯಿತು. ನನಗೆ ಧೈರ್ಯ ಕೊಟ್ಟದ್ದು 93 ಅಲ್ಲ, 68. ತುತ್ತು ಎದೆಯಲ್ಲಿ ನಿಂತಾಗ 'ನನಗೊಬ್ಬಳಿಗೇ ಕೆಟ್ಟಿತು' ಎಂದು ಅಳದೆ ಇರಲು ಆ ಸಂಖ್ಯೆ ಬೇಕಿತ್ತು.

ವಿಮೆಯ ಮಾತು ಒಂದೇ: ಅಮೆರಿಕದಲ್ಲಿ ಮುಂಚಿತ ಅನುಮತಿ ಲಿಖಿತವಾಗಿ ಕೈಗೆ ಬರುವವರೆಗೆ ರಜೆ ಹಾಕಬೇಡಿ. ನಿರಾಕರಿಸಿದರೆ ಪಿಎಚ್ ಪರೀಕ್ಷೆಯ ವರದಿ ಇಟ್ಟು ಮೇಲ್ಮನವಿ ಸಲ್ಲಿಸಬಹುದು.

ಹಿಂದಿನ ವಾರ ಮತ್ತು ಆ ದಿನ

ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಸಕ್ಕರೆ ಕಾಯಿಲೆ ಅಥವಾ ತೂಕಕ್ಕೆ ತೆಗೆದುಕೊಳ್ಳುವ ವಾರದ ಇಂಜೆಕ್ಷನ್, ಆಯುರ್ವೇದದ ಚೂರ್ಣ, ಎಲ್ಲವನ್ನೂ ಅರಿವಳಿಕೆ ತಜ್ಞರಿಗೆ ಹೇಳಿ. ವಾರದ ಇಂಜೆಕ್ಷನ್ ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಅರಿವಳಿಕೆಯಲ್ಲಿ ಅದು ಅಪಾಯ. ಮನೆಯಲ್ಲಿ ಮಾಡಿಡಬೇಕಾದ್ದು: ಇಡ್ಲಿ ಹಿಟ್ಟು, ಮೊಟ್ಟೆ, ಮೊಸರು, ಚೆನ್ನಾಗಿ ಬೇಯುವ ತರಕಾರಿ, ಮತ್ತು ಬೆನ್ನಿಗೆ ಆನಿಕೊಳ್ಳಲು ದಿಂಬುಗಳು.

ಆಪರೇಷನ್ ಪೂರ್ಣ ಅರಿವಳಿಕೆಯಲ್ಲಿ ನಡೆಯುತ್ತದೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಕ್ಯಾಮೆರಾ ಇಳಿಸುತ್ತಾರೆ. ಅನ್ನನಾಳದ ಹಿಂದೆ ಹಾದುಹೋಗುವ ವೇಗಸ್ ನರವನ್ನು ಬೇರ್ಪಡಿಸಿ, ಉಂಗುರವನ್ನು ನರಕ್ಕೂ ಅನ್ನನಾಳಕ್ಕೂ ನಡುವೆ ಹಾಯಿಸುತ್ತಾರೆ. ಅಳತೆಯ ಸಾಧನ ಸುತ್ತಿ ನೋಡಿ, ಎಷ್ಟು ಮಣಿಯ ಉಂಗುರ ಬೇಕು ಎಂದು ಅಲ್ಲೇ ತೀರ್ಮಾನಿಸುತ್ತಾರೆ. ಬಳೆ ತೊಡಿಸುವವರು ಕೈ ಹಿಡಿದು ನೋಡಿ ಅಳತೆ ಹೇಳುವ ಹಾಗೆ. ಬಿಗಿಯಾದರೆ ನೋವು, ಸಡಿಲವಾದರೆ ಪ್ರಯೋಜನವಿಲ್ಲ. ಸುಮಾರು ಒಂದು ಗಂಟೆ, ಹರ್ನಿಯಾ ಹೊಲಿಯಬೇಕಾದರೆ ಇನ್ನೂ ಹೆಚ್ಚು. ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ.

ಎಚ್ಚರವಾದಾಗ ಹೊಟ್ಟೆಗಿಂತ ಭುಜ ಹೆಚ್ಚು ನೋಯಬಹುದು. ತುಂಬಿದ ಗಾಳಿ ವಪೆಯನ್ನು ಕೆರಳಿಸಿದ್ದರ ಫಲ ಅದು. ನಡೆದಾಡಿದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ವಾಕರಿಕೆ ಬಂದರೆ ತಡೆದುಕೊಂಡು ಮಲಗಬೇಡಿ, ತಕ್ಷಣ ನರ್ಸ್‌ಗೆ ಹೇಳಿ ಔಷಧ ಕೇಳಿ. ಹೊಸ ಹೊಲಿಗೆಯ ಮೇಲೆ ಓಕರಿಕೆಯ ಎಳೆತ ಒಳ್ಳೆಯದಲ್ಲ. ಭಾರ ಎತ್ತುವುದನ್ನು, ಅಂದರೆ ಅಕ್ಕಿ ಮೂಟೆ, ಮಗು, ಸೂಟ್‌ಕೇಸ್ ಎಲ್ಲವನ್ನೂ, ಸರ್ಜನ್ ಹೇಳಿದಷ್ಟು ವಾರ ಬಿಡಿ.

ಎಂಟು ವಾರದ ಊಟ

ಮನೆಗೆ ಹೊರಡುವಾಗ ನನ್ನ ಕೈಗೆ ಕೊಟ್ಟ ಹಾಳೆಯಲ್ಲಿ 'ಎರಡು ವಾರ ದ್ರವಾಹಾರ ಮಾತ್ರ' ಎಂದಿತ್ತು. ಸರ್ಜನ್ ಮೊದಲು ಹೇಳಿದ್ದು ಅದರ ವಿರುದ್ಧ. ರಾತ್ರಿ ನಮ್ಮ ಯಜಮಾನರು ಫೋನ್ ಮಾಡಿ ಕೇಳಿದಾಗ ತಿಳಿಯಿತು, ಅದು ಫಂಡೊಪ್ಲಿಕೇಶನ್ ಆದವರ ಹಾಳೆ, ತಪ್ಪಿ ನಮಗೆ ಬಂದಿದೆ. ಕೇಳದೇ ಇದ್ದಿದ್ದರೆ ನಾನು ಹದಿನೈದು ದಿನ ಗಂಜಿ ಕುಡಿದು ಉಂಗುರವನ್ನು ಬಿಗಿಯಾಗಲು ಬಿಡುತ್ತಿದ್ದೆ. ನೀವೂ ಹೊರಡುವ ಮುಂಚೆ ಕೇಳಿ: ಈ ಊಟದ ಹಾಳೆ ನನ್ನ ಆಪರೇಷನ್ನಿನದೇ ತಾನೇ?

ಕಾರಣ ಹೀಗೆ. ಒಳಗಿಟ್ಟ ಯಾವುದೇ ವಸ್ತುವಿನ ಸುತ್ತ ದೇಹ ನಾರಿನಂಥ ಪದರ ಹೆಣೆಯುತ್ತದೆ. ಆ ಪದರ ಕಟ್ಟುವ ವಾರಗಳಲ್ಲಿ ಉಂಗುರ ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತಿದ್ದರೆ ಪದರವೂ ಮೆದುವಾಗಿ, ಅದರ ಓಡಾಟಕ್ಕೆ ಜಾಗ ಬಿಟ್ಟು ಬೆಳೆಯುತ್ತದೆ. ಗಂಜಿ, ಜ್ಯೂಸು ಹಾಗೇ ಜಾರಿ ಹೋಗುತ್ತವೆ, ಉಂಗುರವನ್ನು ಅಷ್ಟಾಗಿ ತೆರೆಸುವುದಿಲ್ಲ. ಆಗ ಪದರ ಮುಚ್ಚಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ಹಾಗಾಗಿ ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಅಥವಾ ಎರಡು ಗಂಟೆಗೊಮ್ಮೆ ಎರಡು ಮೂರು ತುತ್ತು ಗಟ್ಟಿ ಆಹಾರ. ಹಸಿವಿಗಲ್ಲ, ಔಷಧದ ಹಾಗೆ. ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ.

ಮೊದಲ ವಾರ ಆಶ್ಚರ್ಯ ಆಗುವಷ್ಟು ಸಲೀಸು. ಇಡ್ಲಿಗೆ ಸಾಂಬಾರ್ ನೆನೆಸಿ, ಬೇಯಿಸಿದ ಮೊಟ್ಟೆ, ಮೆತ್ತಗಿನ ಉಪ್ಪಿಟ್ಟು, ಎಲ್ಲ ಇಳಿಯುತ್ತಿತ್ತು. 'ನನಗೇನೂ ತೊಂದರೆಯಿಲ್ಲ' ಎಂದು ಅಕ್ಕನಿಗೂ ಹೇಳಿದೆ. ಎರಡನೇ ವಾರದ ಕೊನೆಗೆ ಬಾಗಿಲು ಮುಚ್ಚತೊಡಗಿತು. ಹೆಚ್ಚಿನವರಿಗೆ ಎರಡರಿಂದ ಎಂಟನೇ ವಾರದ ನಡುವೆಯೇ ನುಂಗುವುದು ಅತಿ ಕಷ್ಟ. ಪದರ ಗಟ್ಟಿಯಾಗುವ ಕಾಲ ಅದು. ತುತ್ತು ಎದೆಯ ಮಧ್ಯೆ ನಿಲ್ಲುತ್ತದೆ, ಒತ್ತಿದಂತೆ ನೋಯುತ್ತದೆ, ಬಾಯಲ್ಲಿ ನೊರೆ ಜೊಲ್ಲು ತುಂಬುತ್ತದೆ. ಈ ಹಂತದಲ್ಲಿ ಬಹಳ ಜನ ಹೆದರಿ ಗಂಜಿಗೆ ಮರಳುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ತುತ್ತು ಚಿಕ್ಕದು ಮಾಡಿ, ಹೊತ್ತು ಹೆಚ್ಚು ಕೊಡಿ, ನಿಲ್ಲಿಸಬೇಡಿ.

ಸಿಕ್ಕಿಕೊಂಡಾಗ ಮೇಲಿಂದ ಗಟಗಟ ನೀರು ಸುರಿದರೆ ನೀರೂ ಅಲ್ಲೇ ನಿಂತು ನೋವು ಹೆಚ್ಚುತ್ತದೆ. ಎದ್ದು ನಿಂತು, ನಿಧಾನ ಉಸಿರಾಡುತ್ತ ಮನೆಯೊಳಗೇ ನಡೆಯಿರಿ. ಹೆಚ್ಚಿನ ಸಲ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ನನಗೆ ಊಟಕ್ಕೆ ಮೊದಲು ಎರಡು ಗುಟುಕು ಬಿಸಿನೀರು ತುಂಬ ಉಪಕಾರ ಮಾಡಿತು, ತಣ್ಣೀರು ಹಿಡಿಸಲಿಲ್ಲ.

ನಮ್ಮ ಅಡುಗೆಯಲ್ಲಿ ಯಾವುದು ಇಳಿಯಿತು, ಯಾವುದು ಇಲ್ಲ ಎಂಬುದು ಯಾವ ಹಾಳೆಯಲ್ಲೂ ಇರಲಿಲ್ಲ. ಅನ್ನ ಮೆತ್ತಗಿರುವುದರಿಂದ ಸುಲಭ ಎಂದುಕೊಂಡಿದ್ದೆ, ಅದೇ ಅತಿ ಕಷ್ಟದ್ದಾಯಿತು. ಮುದ್ದೆಗಟ್ಟಿ ಉಂಡೆಯಾಗಿ ನಿಂತುಬಿಡುತ್ತದೆ. ಮಜ್ಜಿಗೆಯಲ್ಲಿ ಸಡಿಲವಾಗಿ ಕಲಸಿದರೆ ಪರವಾಗಿಲ್ಲ. ಒಣ ಚಪಾತಿ, ಬ್ರೆಡ್, ಕೋಳಿಮಾಂಸ ಮೂರೂ ತಡೆದವು. ಅದೇ ಗರಿಗರಿ ದೋಸೆಯ ಅಂಚು, ಹುರಿದ ಹಪ್ಪಳ, ಬಿಸ್ಕತ್ತು, ಅಗಿದರೆ ನುಣ್ಣಗೆ ಹಿಟ್ಟಾಗಿ ಇಳಿಯುತ್ತಿದ್ದವು. ಹೊರಗೆ ಗಟ್ಟಿಯಾದದ್ದು ಒಳಗೆ ಮೆದುವಾಗುತ್ತದೆ, ಹೊರಗೆ ಮೆತ್ತಗಿರುವುದು ಒಳಗೆ ಅಂಟಾಗುತ್ತದೆ. ಈ ಸೂತ್ರ ಹಿಡಿದ ಮೇಲೆ ನನ್ನ ಊಟ ಸುಧಾರಿಸಿತು.

ರಾಗಿಮುದ್ದೆಯ ಮಾತು ಬೇರೆ. ನಾವು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದರೆ ನಗುವವರ ನಡುವೆ ಬೆಳೆದವಳು ನಾನು. ಈ ಉಂಗುರಕ್ಕೆ ಆ ಅಭ್ಯಾಸ ಸರಿಹೋಗುವುದಿಲ್ಲ. ನಾನು ನಾಲ್ಕು ತಿಂಗಳು ಕಾದು, ಸರ್ಜನ್‌ಗೆ ಮುದ್ದೆ ಎಂದರೆ ಏನು ಎಂದು ವಿವರಿಸಿ ಕೇಳಿ, ಕಡಲೆಕಾಳಿನಷ್ಟು ತುತ್ತು ಮುರಿದು ಬಸ್ಸಾರಿನಲ್ಲಿ ತಿಂದೆ. ಇಳಿಯಿತು. ಅಮ್ಮನಿಗೆ ಅಂದು ಫೋನ್ ಮಾಡಿದ ನೆನಪು ಇನ್ನೂ ಹಸಿರಾಗಿದೆ.

ಮಾತ್ರೆಗಳ ವಿಷಯ ಮರೆಯಬೇಡಿ. ದೊಡ್ಡ ಮಾತ್ರೆ, ಕ್ಯಾಪ್ಸೂಲ್ ಸಿಕ್ಕಿಕೊಳ್ಳುತ್ತವೆ. ದ್ರವರೂಪದಲ್ಲಿ ಸಿಗುತ್ತದೆಯೇ, ಪುಡಿ ಮಾಡಬಹುದೇ ಎಂದು ಔಷಧದಂಗಡಿಯಲ್ಲಿ ಕೇಳಿ. ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ. ಆಮ್ಲದ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡು ಒಮ್ಮೆಲೇ ಬಿಟ್ಟಾಗ ಜಠರ ಕೆಲವು ದಿನ ಹೆಚ್ಚೇ ಆಮ್ಲ ಸುರಿಸಬಹುದು. ಆ ಉರಿಯಿಂದ ಆಪರೇಷನ್ ಸೋತಿತು ಎಂದುಕೊಳ್ಳಬೇಡಿ. ಹೇಗೆ ನಿಲ್ಲಿಸಬೇಕೆಂದು ಸರ್ಜನ್ ಹತ್ತಿರ ಕೇಳಿಕೊಳ್ಳಿ.

ಯಾವಾಗ ಫೋನ್ ಮಾಡಬೇಕು

ನೀರೂ ಇಳಿಯದಿದ್ದರೆ, ಸ್ವಂತ ಜೊಲ್ಲನ್ನೂ ನುಂಗಲಾಗದಿದ್ದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಗಾಯದಲ್ಲಿ ಕೀವಾದರೆ, ಮಲ ಕಪ್ಪಾದರೆ ಅದೇ ದಿನ ಫೋನ್ ಮಾಡಿ. ಉಸಿರಾಟದ ತೊಂದರೆ, ತಡೆಯಲಾಗದ ಎದೆನೋವು ಇದ್ದರೆ ನೇರವಾಗಿ ತುರ್ತು ವಿಭಾಗ.

ಎಂಟು ವಾರ ಕಳೆದರೂ ನುಂಗುವುದು ಸುಧಾರಿಸದೆ ತೂಕ ಇಳಿಯುತ್ತಿದ್ದರೆ ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಕೆಲವರಿಗೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗುತ್ತದೆ. ಅದು ಸೋಲಲ್ಲ, ದಾರಿಯ ಒಂದು ತಿರುವು. ಅದರಿಂದಲೂ ಆಗದಿದ್ದರೆ ಉಂಗುರವನ್ನು ಅದೇ ಸಣ್ಣ ರಂಧ್ರಗಳಿಂದ ಹೊರತೆಗೆಯಬಹುದು, ಬೇಕಾದರೆ ಆಗ ಫಂಡೊಪ್ಲಿಕೇಶನ್ ಮಾಡಬಹುದು.

ವರ್ಷಗಳು ಕಳೆದ ಮೇಲೆ ನೆನಪಿಡಬೇಕಾದ್ದು ಒಂದಿದೆ. ಚೆನ್ನಾಗಿ ತಿನ್ನುತ್ತಿದ್ದವರಿಗೆ ಏಕಾಏಕಿ ನುಂಗುವುದು ಮತ್ತೆ ಕಷ್ಟವಾದರೆ, ನುಂಗುವಾಗ ನೋವಾದರೆ, ಮಣಿ ಅನ್ನನಾಳದ ಗೋಡೆಯನ್ನು ಕೊರೆದು ಒಳಗೆ ಬಂದಿರುವ ಸಾಧ್ಯತೆ ಇದೆ. ಇದು ಬಹಳ ಅಪರೂಪ. 9,000ಕ್ಕೂ ಹೆಚ್ಚು ಉಂಗುರಗಳ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೆ ಶೇ. 0.3ರಷ್ಟು ಕಂಡಿತು. ಆದರೂ 'ಮೊದಲೂ ಹೀಗಾಗಿತ್ತು, ಸರಿಹೋಗುತ್ತದೆ' ಎಂದು ಕೂರಬೇಡಿ, ಎಂಡೋಸ್ಕೋಪಿ ಮಾಡಿಸಿ. ಬ್ಯಾರೆಟ್ ಇದ್ದವರ ತಪಾಸಣೆ ಉರಿ ನಿಂತರೂ ನಿಲ್ಲಬಾರದು.

ಉಂಗುರದ ಜೊತೆ ಒಂದು ಗುರುತಿನ ಕಾರ್ಡ್ ಕೊಡುತ್ತಾರೆ. ಅದನ್ನು ಪಾಸ್‌ಪೋರ್ಟ್ ಚೀಲದಲ್ಲಿಡುವುದಕ್ಕಿಂತ ದಿನದ ಪರ್ಸಿನಲ್ಲಿಡಿ, ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿ. ಊರಿಗೆ ಹೋದಾಗ ಬೆನ್ನುನೋವು, ತಲೆನೋವು ಎಂದು ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅಲ್ಲಿ 'ಮೈಯಲ್ಲಿ ಲೋಹ ಇದೆಯಾ' ಎಂದು ಕೇಳಿದಾಗ ತಾಳಿ, ಬಳೆ ತೆಗೆದಿಟ್ಟು 'ಇಲ್ಲ' ಅನ್ನುವ ಅಭ್ಯಾಸ ನಮಗೆ. ಕಾರ್ಡ್ ತೋರಿಸಿ, ಯಂತ್ರ ಎಷ್ಟು ಟೆಸ್ಲಾದ್ದು ಎಂದು ಕೇಳಿ, 1.5ಕ್ಕಿಂತ ಹೆಚ್ಚು ಅಂದರೆ ಒಳಗೆ ಹೋಗಬೇಡಿ.